ಕಾಳಪ್ಪನ ಬ್ಲಾಗಿಗೆ ಓದುಗರು ಬಂದರು

ಪಾಂಡವಪುರದ ಬಸ್ ಸ್ಟ್ಯಾಂಡಿನ ಎದುರು ಗೊಬ್ಬರದ ಅಂಗಡಿಗೂ ಬೇಕರಿಗೂ ನಡುವೆ ಸಿಕ್ಕಿಕೊಂಡಂತೆ ವೀಣಳ ಜೆರಾಕ್ಸ್ ಅಂಗಡಿ ಇದೆ. ಎರಡು ಕಂಪ್ಯೂಟರು, ಒಂದು ಪ್ರಿಂಟರು, ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಒಂದು ಸಣ್ಣ ಯಂತ್ರ. ದಿನವೂ ಶ್ರೀರಂಗಪಟ್ಟಣದಿಂದ ಎಂಟೂವರೆ ಬಸ್ಸಿಗೆ ಬಂದು ಬಾಗಿಲು ತೆಗೆದಳೆಂದರೆ ಪಹಣಿ, ಜಾತಿ ಸರ್ಟಿಫಿಕೇಟು, ಪಿಂಚಣಿ ಅರ್ಜಿ ಎಂದು ಜನ ಬರುತ್ತಲೇ ಇರುತ್ತಾರೆ. ಅಕ್ಕಸಾಲಿಗ ಕಾಳಪ್ಪ ಮೊದಲ ಸಲ ಬಂದದ್ದೂ ಪಿಂಚಣಿ ಅರ್ಜಿಗೇ. ಅರ್ಜಿ ಮುಗಿದ ಮೇಲೂ ಅವರು ಸ್ಟೂಲಿನಿಂದ ಏಳಲಿಲ್ಲ.

"ಏನ್ ದೊಡ್ಡಪ್ಪ, ಇನ್ನೇನಾದ್ರೂ ಇತ್ತಾ?" ಎಂದಳು ವೀಣ. ಅವಳ ಅಪ್ಪ ಬಡಗಿ. ಒಂದೇ ಕುಲದವರೆಂದು ತಿಳಿದ ಮೇಲೆ ಸಾರ್ ಎನ್ನಲು ಅವಳಿಗೆ ನಾಲಿಗೆ ಬಂದಿರಲಿಲ್ಲ.

"ಇಂಟರ್‌ನೆಟ್‌ನಲ್ಲಿ ಯಾರ್ ಬೇಕಾದ್ರೂ ಬರೀಬೋದಂತೆ, ದಿಟವಾ?"

"ಬರೀಬೋದು. ಯಾಕೆ?"

ಕಾಳಪ್ಪ ಚೀಲದಿಂದ ಮಕ್ಕಳ ನೂರು ಪುಟದ ನೋಟ್‌ಬುಕ್ಕೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ತುಂಬಾ ಬಾಲ್ ಪೆನ್ನಿನ ಗುಂಡಗಿನ ಅಕ್ಷರ. ಬುಗುಡಿ, ವಂಕಿ, ಡಾಬು, ಅಡ್ಡಿಕೆ, ಗುಂಡಿನ ಸರ. ಒಂದೊಂದು ಒಡವೆಗೂ ಎಷ್ಟು ಗುಲಗಂಜಿ ತೂಕ, ತಂತಿ ಎಷ್ಟು ಸಣ್ಣ ಎಳೆಯಬೇಕು, ಬೆಸುಗೆಗೆ ಏನು ಬೆರೆಸಬೇಕು ಎಂದೆಲ್ಲ ಬರೆದು, ಪಕ್ಕದಲ್ಲಿ ಪೆನ್ಸಿಲ್ಲಿನ ಚಿತ್ರ ಹಾಕಿದ್ದರು.

ಅವರಿಗೆ ಆಗ ಅರವತ್ತಾರು. ಹಳೇ ಪೇಟೆಯ ಬೀದಿಯಲ್ಲಿ ಅಪ್ಪ ಕೂರುತ್ತಿದ್ದ ಚಾಪೆಯ ಮೇಲೆಯೇ ಐವತ್ತು ವರ್ಷ ಕೂತವರು. ಮೈಸೂರಿನಲ್ಲಿ ಗಾಜಿನ ಮಹಡಿ ಅಂಗಡಿಗಳು ಬಂದ ಮೇಲೆ ಅವರ ಹತ್ತಿರ ಯಾರೂ ಹೊಸ ಒಡವೆ ಮಾಡಿಸುತ್ತಿರಲಿಲ್ಲ. ಮುರಿದ ಓಲೆ, ಕಿತ್ತುಹೋದ ಕೊಂಡಿ, ಸವೆದ ಕಾಲುಂಗುರ, ಅಷ್ಟೇ ಕೆಲಸ. ಎರಡು ತಿಂಗಳ ಹಿಂದೆ ನೆಂಟರ ಮದುವೆಯ ಊಟದ ಪಂಕ್ತಿಯಲ್ಲಿ ಯಾರೋ ಮೇಷ್ಟರು, 'ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ' ಎಂದು ಗಾದೆ ಹೇಳಿ ನಕ್ಕಿದ್ದರಂತೆ. ಪಂಕ್ತಿಗೆ ಪಂಕ್ತಿಯೇ ನಕ್ಕಿತ್ತು.

"ಉಟ್ಟಿದಾಗಿಂದ ಕೇಳ್ತಾ ಇವ್ನಿ ಕಣವ್ವ ಆ ಮಾತ್ನ. ಉತ್ರ ಕೊಡಾಕೆ ಬಾಯ್ ಬರಕಿಲ್ಲ ನಂಗೆ. ನಾವ್ ಏನ್ ಮಾಡ್ತಿದ್ವಿ ಅಂತ ಬರ್ದಿಟ್ರೆ, ಓದ್ದೋರು ಅವ್ರೇ ತಿಳ್ಕತಾರೆ, ಅಲ್ವಾ?"

ವೀಣ ತಕ್ಷಣ ಹೂಂ ಎನ್ನಲಿಲ್ಲ. ಕಾಲೇಜಿನಲ್ಲಿದ್ದಾಗ ಅವಳೂ ಒಂದು ಬ್ಲಾಗು ಮಾಡಿದ್ದಳು. ಹನ್ನೊಂದು ಕವನ ಹಾಕಿದ್ದಳು. ಗೆಳತಿಯರು ಮೊದಲನೆಯದನ್ನು ಓದಿ ಚಪ್ಪಾಳೆಯ ಚಿತ್ರ ಕಳಿಸಿದ್ದರು; ಎರಡನೆಯದಕ್ಕೆ ಅದೂ ಇಲ್ಲ. ಈಗ ಆ ಬ್ಲಾಗಿನ ಪಾಸ್‌ವರ್ಡ್ ಕೂಡ ಅವಳಿಗೆ ನೆನಪಿಲ್ಲ. ಎಲ್ಲರೂ ಅರ್ಧ ನಿಮಿಷದ ವಿಡಿಯೊ ನೋಡುವ ಕಾಲದಲ್ಲಿ ಗುಲಗಂಜಿ ತೂಕ ಓದಲು ಯಾರು ಬರುತ್ತಾರೆ? ಆದರೆ ಮುದುಕರು ಸ್ಟೂಲಿನ ತುದಿಯಲ್ಲಿ, ಅವಳು ಸಹಿ ಹಾಕಿಕೊಡಬೇಕಾದ ಅಧಿಕಾರಿಯೋ ಎಂಬಂತೆ ಕೂತಿದ್ದರು.

"ಮಾಡನ ಬನ್ನಿ ದೊಡ್ಡಪ್ಪ. ಮಧ್ಯಾಹ್ನ ರಶ್ ಇರಲ್ಲ, ಆಗ ಬನ್ನಿ," ಎಂದಳು.

ಹಾಗೆ ಶುರುವಾಯಿತು. ಬ್ಲಾಗಿಗೆ 'ಅಗ್ಗಿಷ್ಟಿಕೆ' ಎಂದು ಹೆಸರಿಟ್ಟವರು ಕಾಳಪ್ಪನವರೇ. ವೀಣ ಅವರ ಮೊಬೈಲಿನಲ್ಲಿ ಮಾತಾಡಿದ್ದನ್ನು ಬರೆದುಕೊಳ್ಳುವ ಕೀಲಿ ತೋರಿಸಿದಳು. ಅವರು ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು, ಕಿವುಡರ ಜೊತೆ ಮಾತಾಡುವ ಹಾಗೆ, "ಊದುಗೊಳ್ವೆ ತಗಂಡು" ಎಂದರು. ಪರದೆಯ ಮೇಲೆ 'ಊದು ಗೋಳು ಬೇಡ ಗಂಡು' ಎಂದು ಬಂತು. ಇಬ್ಬರೂ ನಕ್ಕರು. ಕೊನೆಗೆ ಅವರು ಮನೆಯಲ್ಲಿ ಪುಸ್ತಕದಲ್ಲಿ ಬರೆದು ತರುವುದು, ವೀಣ ಟೈಪ್ ಮಾಡುವುದು, ಎಲ್ಲಿ ಒತ್ತಿದರೆ ಪ್ರಕಟವಾಗುತ್ತದೆಂದು ತೋರಿಸಿದ ಮೇಲೆ ಅದೊಂದನ್ನು ಮಾತ್ರ ಅವರೇ ಒತ್ತುವುದು ಎಂದಾಯಿತು. ಒತ್ತುವ ಮುಂಚೆ ಕಾಳಪ್ಪ ಚಪ್ಪಲಿ ಬಿಡುತ್ತಿದ್ದರು.

ಮೊದಲ ಬರಹ ಬುಗುಡಿಯ ಮೇಲೆ. ಒಂದು ವಾರದಲ್ಲಿ ನೋಡಿದ ಲೆಕ್ಕ ನಾಲ್ಕು. ಅದರಲ್ಲಿ ಎರಡು ಸಲ ವೀಣಳೇ ನೋಡಿದ್ದು, ಒಂದು ಕಾಳಪ್ಪನವರ ಮೊಬೈಲು.

"ಇನ್ನೊಬ್ರು ಯಾರವ್ವ?"

"ಗೊತ್ತಾಗಲ್ಲ ದೊಡ್ಡಪ್ಪ. ಯಾರೋ."

"ಅಂತೂ ಒಬ್ರು ಓದವ್ರೆ," ಎಂದು ಅವರು ತಲೆಯಾಡಿಸಿದರು.

ವೀಣ ತನಗೆ ತಿಳಿದದ್ದನ್ನೆಲ್ಲ ಮಾಡಿದಳು. ಉದ್ದ ಪ್ಯಾರಾಗಳನ್ನು ಒಡೆದಳು. ಪೆನ್ಸಿಲ್ ಚಿತ್ರಗಳ ಫೋಟೊ ತೆಗೆದು ಹಾಕಿದಳು. ಜನ ಏನೆಂದು ಹುಡುಕುತ್ತಾರೋ ಆ ಪದಗಳನ್ನು ಶೀರ್ಷಿಕೆಗೆ ಸೇರಿಸಿದಳು. ಪ್ರತಿ ಗುರುವಾರ ತಪ್ಪದೆ ಒಂದು ಬರಹ ಹಾಕಬೇಕು, ದಿನ ತಪ್ಪಿದರೆ ಓದುಗರೂ ತಪ್ಪುತ್ತಾರೆ ಎಂದು ಹೇಳಿಕೊಟ್ಟಳು. ತನಗಿದ್ದ ವಾಟ್ಸಾಪ್ ಗುಂಪುಗಳಿಗೆಲ್ಲ ಲಿಂಕು ಕಳಿಸಿದಳು. ಎರಡು ಗುಂಪಿನವರು ಅವಳನ್ನು ತೆಗೆದೇ ಹಾಕಿದರು. ಕಾಳಪ್ಪ ಒಂದು ಗುರುವಾರವೂ ತಪ್ಪಿಸಲಿಲ್ಲ. ಒಂಬತ್ತು ತಿಂಗಳಲ್ಲಿ ಮೂವತ್ತೇಳು ಬರಹ. ಒಂದಕ್ಕೂ ಹತ್ತು ಜನ ಮೀರಲಿಲ್ಲ.

ಒಮ್ಮೆ ವಂಕಿಯ ಬರಹದ ಕೆಳಗೆ ಇಂಗ್ಲಿಷಿನಲ್ಲಿ ಒಂದು ಪ್ರತಿಕ್ರಿಯೆ ಬಿತ್ತು. ಯಾವುದೋ ದೇಶದ ಷೂ ಕಂಪನಿಯ ಜಾಹೀರಾತು; ಯಂತ್ರವೇ ಬರೆದು ಊರೂರಿಗೆ ಅಂಟಿಸಿ ಹೋಗುವಂಥದ್ದು. ಕಾಳಪ್ಪ ಕನ್ನಡಕ ಒರೆಸಿಕೊಂಡು ಪರದೆಯ ಹತ್ತಿರ ಬಗ್ಗಿದರು.

"ಏನ್ ಬರ್ದವ್ರೆ?"

ವೀಣ ಪುಟವನ್ನು ಕೆಳಕ್ಕೆ ಸರಿಸುತ್ತ, "ಬಾಳ ಚೆನ್ನಾಗಿದೆ ಅಂತ ಬರ್ದವ್ರೆ ದೊಡ್ಡಪ್ಪ," ಎಂದಳು.

ಮುಂದಿನ ಗುರುವಾರ ಅವರು ಆ ಪುಣ್ಯಾತ್ಮನಿಗೆ ಒಂದೂವರೆ ಪುಟದ ಉತ್ತರ ಬರೆದು ತಂದರು. ಕ್ಷೇಮ ಸಮಾಚಾರ ಕೇಳಿದ್ದರು. ಈ ಕಡೆ ಬಂದರೆ ಮನೆಗೆ ಬರಬೇಕು, ವಂಕಿಯ ಅಚ್ಚು ಇನ್ನೂ ಇದೆ, ತೋರಿಸುತ್ತೇನೆ ಎಂದಿದ್ದರು. ವೀಣ ಅದನ್ನು ಅಕ್ಷರ ಬಿಡದೆ ಟೈಪ್ ಮಾಡಿದಳು. ಆವತ್ತು ಸಂಜೆ ಬಸ್ಸಿನಲ್ಲಿ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಈ ಮನುಷ್ಯನಿಗೆ ನಿಜವಾಗಿ ಓದುವವರನ್ನು ತಂದುಕೊಡಲೇಬೇಕು ಎಂದು ಹಟ ಹುಟ್ಟಿದ್ದೂ ಆವತ್ತೇ.

"ದೊಡ್ಡಪ್ಪ, ಅಳತೆ, ತೂಕ ಸಾಕು," ಎಂದಳು ಅವಳು ಮುಂದಿನ ಸಲ. "ಜನಕ್ಕೆ ಜನದ ಕಥೆ ಬೇಕು. ನಿಮ್ ಹತ್ರ ಒಡವೆ ಮಾಡಿಸಿದೋರು ಎಷ್ಟ್ ಜನ ಇರ್ಬೇಕು! ಅವ್ರ ಬಗ್ಗೆ ಬರೀರಿ."

"ಅವ್ರ್ ಇಚಾರ ನಾವ್ ಮಾತಾಡಬಾರ್ದು ಕಣವ್ವ. ನಮ್ಮಪ್ಪ ಏಳೋನು, ಅಕ್ಕಸಾಲಿಗನ ಕಿವಿಗೆ ಬಿದ್ದದ್ದು ಮೂಸೆಗೆ ಬಿದ್ದಂಗೆ, ಅಲ್ಲೇ ಕರಗೋಗ್ಬೇಕು ಅಂತ."

"ಹೆಸರು ಬದಲಾಯ್ಸಿದ್ರಾಯ್ತು. ಯಾರಿಗೆ ಗೊತ್ತಾಗ್ತದೆ? ನಮ್ ಬ್ಲಾಗ್ನ ಓದೋರೇ ಆರು ಜನ."

ಕಾಳಪ್ಪ ಬಹಳ ಹೊತ್ತು ಬಸ್ ಸ್ಟ್ಯಾಂಡಿನ ಕಡೆ ನೋಡುತ್ತ ಕೂತರು. ಆಮೇಲೆ ಹೇಳತೊಡಗಿದರು.

ತೊಣ್ಣೂರು ಕೆರೆಯ ಆಚೆ ಒಂದು ಹಳ್ಳಿ. ಅಲ್ಲಿಯ ಒಕ್ಕಲಿನ ಮನೆಯ ದ್ಯಾವಮ್ಮ ಇಪ್ಪತ್ತಾರು ವರ್ಷದ ಹಿಂದೆ ಒಂದು ದಿನ ಸೆರಗಿನಲ್ಲಿ ತನ್ನ ಅಡ್ಡಿಕೆಯನ್ನು ಕಟ್ಟಿಕೊಂಡು ಬಂದಿದ್ದರು. ಕೊರಳಿಗೆ ಅಂಟಿದ ಹಾಗೆ ಕೂರುವ ಹಾರ ಅದು. ಅವರ ಮದುವೆಗೆ ಕಾಳಪ್ಪನ ಅಪ್ಪನೇ ಮಾಡಿಕೊಟ್ಟದ್ದು. ನಡುವೆ ಕೆಂಪು ಕಲ್ಲು, ಆಚೆ ಈಚೆ ಎರಡು ಗಿಣಿ. ಮಗಳು ಪಿಯುಸಿ ಪಾಸಾಗಿದ್ದಳು, ನರ್ಸಿಂಗ್ ಓದುತ್ತೇನೆ ಎಂದು ಹಟ ಹಿಡಿದಿದ್ದಳು. ಗಂಡ, ಹೆಣ್ಣಿಗೆ ಓದು ಯಾಕೆ ಎಂದು ಮೂಲೆಗೆ ಕೂರಿಸಿದ್ದ. ಅಡ್ಡಿಕೆ ಕರಗಿಸಿ ಚಿನ್ನ ಮಾರಿಸಿಕೊಡು, ಅದರ ಜಾಗಕ್ಕೆ ಬೆಳ್ಳಿಯಲ್ಲಿ ಇದೇ ಥರದ್ದು ಮಾಡಿ ಚಿನ್ನದ ಮುಲಾಮು ಹಾಕಿಕೊಡು, ಯಾರಿಗೂ ಹೇಳಬೇಡ ಎಂದು ದ್ಯಾವಮ್ಮ ಕೈ ಹಿಡಿದುಕೊಂಡಿದ್ದರು. ಕಾಳಪ್ಪ ಹನ್ನೆರಡು ದಿನ ಕೂತು ಮಾಡಿದ್ದರು. ಕೂಲಿ ತೆಗೆದುಕೊಂಡಿರಲಿಲ್ಲ. ಮಗಳು ಹಾಲಿನ ದುಡ್ಡಿನಲ್ಲಿ ಓದಿದಳು ಎಂದೇ ಮನೆಯವರೆಲ್ಲ ನಂಬಿದ್ದರು. ಗಂಡ ಅದನ್ನೇ ನಂಬಿಕೊಂಡು ಸತ್ತೂ ಹೋಗಿದ್ದ. ಮಗಳು ಈಗ ನಾಗಮಂಗಲದಲ್ಲಿ ನರ್ಸು.

ವೀಣ ಕೀಲಿಮಣೆಯನ್ನು ಪಕ್ಕಕ್ಕೆ ತಳ್ಳಿದಳು. "ದೊಡ್ಡಪ್ಪ, ಇದನ್ನ ಬರೀರಿ. ನಿಮ್ ಮೇಲಿರೋ ಗಾದೆಗೆ ಇದಕ್ಕಿಂತ ಉತ್ತರ ಬೇಕಾ?"

ಆ ಮಾತು ಅವರಿಗೆ ನಾಟಿತು. ಎರಡು ವಾರ ತೆಗೆದುಕೊಂಡು ಬರೆದರು. ದ್ಯಾವಮ್ಮ ಎಂಬ ಕಡೆ 'ಕೆರೆಯಾಚೆಯ ತಾಯಿ' ಎಂದಿಟ್ಟರು. ಅಡ್ಡಿಕೆ ಹೇಗಿತ್ತೆಂದು ಕಣ್ಣಿಗೆ ಕಟ್ಟುವ ಹಾಗೆ ಬರೆಯಿರಿ ಎಂದು ವೀಣ ಹೇಳಿದ್ದರಿಂದ ಗಿಣಿಗಳ ವಿಚಾರವನ್ನೂ ಬರೆದರು. ಎಡಗಡೆಯ ಗಿಣಿಯ ಕತ್ತು ಅಪ್ಪನ ಕೈ ತಪ್ಪಿ ಹಿಂದಕ್ಕೆ ತಿರುಗಿಬಿಟ್ಟಿತ್ತು, ಬೆಳ್ಳಿಯದರಲ್ಲೂ ಆ ತಪ್ಪನ್ನು ಹಾಗೇ ಉಳಿಸಿದೆ ಎಂದು ಬರೆದರು. ತಲೆಬರಹ 'ಒಂದು ಅಡ್ಡಿಕೆಯ ಕೆಲಸ' ಎಂದಿತ್ತು. ವೀಣ ಅದನ್ನು ಹೊಡೆದು, 'ಇಪ್ಪತ್ತಾರು ವರ್ಷ ನಕಲಿ ಅಡ್ಡಿಕೆ ತೊಟ್ಟ ತಾಯಿ' ಎಂದು ಮಾಡಿದಳು.

"ನಕಲಿ ಅನ್ನೋದು ವಸಿ ಒರಟಾಯ್ತದೆ ಕಣವ್ವ."

"ಹಾಗಿದ್ರೇ ಜನ ಒಳಕ್ ಬರೋದು ದೊಡ್ಡಪ್ಪ."

ಅವರು ಚಪ್ಪಲಿ ಬಿಟ್ಟು ಗುಂಡಿ ಒತ್ತಿದರು.

ವೀಣ ಆ ಬರಹವನ್ನು ಕೆ.ಆರ್. ಪೇಟೆಯಿಂದ ಶಶಾಂಕ್ ಎಂಬುವನು ನಡೆಸುತ್ತಿದ್ದ 'ಕಬ್ಬಿನ ಸೀಮೆ ಕಥೆ' ಎಂಬ ಫೇಸ್‌ಬುಕ್ ಪುಟಕ್ಕೆ ಕಳಿಸಿದಳು. ಅವನು ಅದನ್ನು ಹಂಚಿದ. ಮಧ್ಯಾಹ್ನ ಎಂಟುನೂರು ಎಂದಿದ್ದ ಲೆಕ್ಕ ಸಂಜೆಗೆ ಮೂರು ಸಾವಿರ ಮುಟ್ಟಿತು. ಮೂರನೇ ದಿನ ಹದಿನಾಲ್ಕು ಸಾವಿರ. 'ಕಣ್ಣೀರು ಬಂತು', 'ಇಂಥ ಅಕ್ಕಸಾಲಿಗರೂ ಇದ್ದಾರಲ್ಲ', 'ನಮ್ಮಜ್ಜಿಯ ನೆನಪಾಯಿತು'. ದುಬೈನಿಂದ ಒಬ್ಬರು, ಶಿವಮೊಗ್ಗದಿಂದ ಒಬ್ಬರು. ಕಾಳಪ್ಪ ದಿನಕ್ಕೆ ಎರಡು ಸಲ ಅಂಗಡಿಗೆ ಬಂದು ಓದಿಸಿಕೊಳ್ಳುತ್ತಿದ್ದರು.

"ಪುಟ್ಟಲಕ್ಷ್ಮಿಗೆ ನಂಬಿಕೇನೇ ಇಲ್ಲ ಕಣವ್ವ," ಎಂದರು ತಮ್ಮ ಹೆಂಡತಿಯ ವಿಚಾರ ತೆಗೆದು. "ಇದ್ನೆಲ್ಲ ಕಾಗ್ದದ್ ಮ್ಯಾಲೆ ಒಡ್ದು ಕೊಡ್ತೀಯಾ? ಅವ್ಳಿಗೆ ಓದಿ ಏಳ್ತೀನಿ."

ನಾಲ್ಕನೇ ದಿನ ವೀಣ ಅಂಗಡಿಯ ಬಾಗಿಲು ಅರ್ಧ ಎಳೆದು, ಪ್ರತಿಕ್ರಿಯೆಗಳ ಮೂವತ್ತು ಹಾಳೆಯನ್ನು ರಬ್ಬರ್ ಬ್ಯಾಂಡಿನಲ್ಲಿ ಸುತ್ತಿಕೊಂಡು ತಾನೇ ಹಳೇ ಪೇಟೆಯ ಬೀದಿಗೆ ಹೋದಳು. ಕಾಳಪ್ಪನ ಮನೆಯ ಮುಂದೆ ಒಂದು ಆಟೊ ನಿಂತಿತ್ತು. ಜಗಲಿಯ ಮೇಲೆ ಏಳೆಂಟು ಜನ.

ಒಳಗೆ ಚಾಪೆಯ ಮುಂದೆ ಐವತ್ತರ ಒಬ್ಬ ಗಂಡಸು ಕುಕ್ಕರಗಾಲಿನಲ್ಲಿ ಕೂತಿದ್ದ. ದ್ಯಾವಮ್ಮನ ಮಗ ಹೊನ್ನಪ್ಪ. ಅವನ ಹೆಂಡತಿ ಸಿದ್ದಲಿಂಗಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. ಮೂಲೆಯಲ್ಲಿ, ಗೋಡೆಗೆ ಬೆನ್ನು ಹಚ್ಚಿ, ಬಿಳಿಯ ಸೀರೆಯ ಮುದುಕಿ. ಹೇಳದಿದ್ದರೂ ವೀಣಳಿಗೆ ಅವರು ಯಾರೆಂದು ತಿಳಿಯಿತು. ನಡುವೆ, ಕೆಂಪು ಬಟ್ಟೆಯ ಮೇಲೆ ಅಡ್ಡಿಕೆ. ಎಡಗಡೆಯ ಗಿಣಿ ಕತ್ತು ಹಿಂದಕ್ಕೆ ತಿರುಗಿಸಿಕೊಂಡಿತ್ತು.

"ಒರೆ ಅಚ್ಚು," ಎಂದ ಹೊನ್ನಪ್ಪ. "ನನ್ ಮಗಳು ಮಾನಸನ್ ಮದ್ವೆಗೆ ಅಂತ ತೆಗೆದಿಟ್ಟಿದ್ದ ಒಡ್ವೆ. ಬೀಗ್ರೇ ಫೋನ್ ಮಾಡಿ ಕೇಳ್ತಾವ್ರೆ, ಇದು ನಿಮ್ಮನೆ ಅಡ್ಡಿಕೆ ಕಥೆಯೇನಪ್ಪ ಅಂತ. ಅಚ್ಚು, ನೋಡವ."

ಕಾಳಪ್ಪ ಗಿಣಿಯ ಹಿಂಬದಿಯನ್ನು ಅರದಿಂದ ಒಂದಿಷ್ಟು ಉಜ್ಜಿ ಒರೆಗಲ್ಲಿಗೆ ಎಳೆದರು. ಕಪ್ಪು ಕಲ್ಲಿನ ಮೇಲೆ ಬೆಳ್ಳಗೆ ಗೆರೆ ಬಿತ್ತು.

ಹೊನ್ನಪ್ಪ ತಾಯಿಯ ಕಡೆ ತಿರುಗಿದ. "ಏಳವ್ವ. ಕರಗ್ಸು ಅಂತ ನೀನೇ ಕೊಟ್ಟಿದ್ದಾ? ಅಪ್ಪಂಗೆ ಗೊತ್ತಿಲ್ದಂಗೆ, ನಮ್ಗೆಲ್ಲ ಗೊತ್ತಿಲ್ದಂಗೆ?"

ದ್ಯಾವಮ್ಮ ಮಗನನ್ನು ನೋಡಿದರು. ಬಾಗಿಲಲ್ಲಿದ್ದ ಸೊಸೆಯನ್ನು ನೋಡಿದರು. ಕಾಳಪ್ಪನನ್ನು ನೋಡಲಿಲ್ಲ.

"ಪಾಲೀಸ್ ಮಾಡು ಅಂತ ಕೊಟ್ಟಿದ್ದೆ ಕಣಪ್ಪ," ಎಂದರು. "ಇವ್ನು ಏನ್ ಮಾಡ್ದ್ನೋ ನಂಗೇನ್ ಗೊತ್ತು."

ವೀಣ ಒಂದು ಹೆಜ್ಜೆ ಮುಂದಿಟ್ಟಳು. "ಅಜ್ಜಿ, ಹಂಗಲ್ಲ..."

"ವೀಣವ್ವ, ನೀನ್ ಸುಮ್ಕಿರು," ಎಂದರು ಕಾಳಪ್ಪ. ತಲೆ ಎತ್ತಲಿಲ್ಲ. ಒರೆಗಲ್ಲನ್ನು ಪಂಚೆಯ ತುದಿಯಿಂದ ಒರೆಸುತ್ತಲೇ ಇದ್ದರು, ಆ ಗೆರೆ ಹೋಗಿ ಬಹಳ ಹೊತ್ತಾಗಿದ್ದರೂ.

"ಕದ್ದೂ ಕದ್ದು, ಅದ್ಕೊಂದು ಕಥೆ ಬ್ಯಾರೆ ಕಟ್ಟಿ ಊರ್ಗೆಲ್ಲ ಸಾರವ್ನೆ," ಎಂದಳು ಸಿದ್ದಲಿಂಗಮ್ಮ. ಜಗಲಿಯಿಂದ ಯಾರೋ ಆ ಗಾದೆಯನ್ನು ಹೇಳಿದರು. ಈ ಸಲ ಯಾರೂ ನಗಲಿಲ್ಲ. ಯಾರದೋ ಮೊಬೈಲು ಅಷ್ಟೂ ಹೊತ್ತು ಎತ್ತಿ ಹಿಡಿದೇ ಇತ್ತು.

ಹೊನ್ನಪ್ಪ ಕೈ ಮಾಡಲಿಲ್ಲ. ಪೊಲೀಸಿನ ಮಾತೂ ಆಡಲಿಲ್ಲ. "ವಯಸ್ಸಾಗದೆ, ಬದ್ಕೋ ಓಗು," ಎಂದು ಅಡ್ಡಿಕೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದ. ಆಟೊ ಹತ್ತುವಾಗ ದ್ಯಾವಮ್ಮನಿಗೆ ಕಾಲು ಎತ್ತಲಾಗಲಿಲ್ಲ. ಸೊಸೆ ರಟ್ಟೆ ಹಿಡಿದು ಎಳೆದುಕೊಂಡಳು.

ಜನ ಕರಗಿದ ಮೇಲೆ ವೀಣ ಚಾಪೆಯ ಪಕ್ಕದಲ್ಲಿ ಕೂತಳು. ಹಾಳೆಗಳ ಸುರುಳಿ ಇನ್ನೂ ಕೈಯಲ್ಲೇ ಇತ್ತು. ಪುಟ್ಟಲಕ್ಷ್ಮಮ್ಮ ಒಳಗಿನಿಂದ ಎರಡು ಲೋಟ ಕಾಫಿ ತಂದಿಟ್ಟು ಹೋದರು.

"ದೊಡ್ಡಪ್ಪ, ಯಾಕೆ ಸುಮ್ನಿದ್ರಿ? ನಿಜ ಹೇಳ್ಬೇಕಿತ್ತು."

"ನಾನ್ ಏಳ್ದೆ ಅನ್ನು, ಆಯಮ್ಮ ಸುಳ್ಳಿ ಆಯ್ತಳೆ. ಆ ಮನೇಲಿ ಇನ್ನೂ ಉಣ್ಬೇಕಲ್ಲ ಅವ್ಳು."

"ಹಾಗಂತ ನೀವ್ ಕಳ್ಳ ಅನಿಸ್ಕೋಬೇಕಾ? ಈಗ ಹದಿನಾಲ್ಕು ಸಾವಿರ ಜನ ಓದ್ತಾ ಅವ್ರೆ. ನಾಳೆ ಒಂದು ಬರೀರಿ, ನಡೆದಿದ್ದು ನಡೆದಂಗೆ. ಎಲ್ರೂ ಓದ್ತಾರೆ."

"ಅದೇ ಕಣವ್ವ," ಎಂದರು ಕಾಳಪ್ಪ. "ಎಲ್ರೂ ಓದ್ತಾರೆ."

ಅವರು ಬರೆಯಲಿಲ್ಲ. ಆ ವಿಡಿಯೊ ಮರುದಿನವೇ ಹಬ್ಬಿತು. ಶಶಾಂಕನ ಪುಟದಲ್ಲಿ ಅದೂ ಬಂತು. ಓದುಗರಿಗೆ ಸತ್ಯ ತಿಳಿಸುವುದು ತನ್ನ ಕರ್ತವ್ಯ ಎಂದು ಬರೆದಿದ್ದ. ಕಣ್ಣೀರು ಬಂತು ಎಂದಿದ್ದವರಲ್ಲಿ ಕೆಲವರು ತಮ್ಮ ಮಾತನ್ನು ಅಳಿಸಿದರು. ಉಳಿದವರು ಬೈದರು. 'ಕಳ್ಳನಿಗೆ ಕಣ್ಣೀರು ಹಾಕಿಸಿದ್ರಲ್ಲ', 'ನಮ್ಮ ಓಲೆ ಕೊಟ್ಟಿದ್ವಿ ಇವನ ಹತ್ರ, ನೋಡ್ಬೇಕು'. ಲೆಕ್ಕ ಇಪ್ಪತ್ತೆರಡು ಸಾವಿರ ದಾಟಿತು. ರಿಪೇರಿಗೆ ಕೊಟ್ಟಿದ್ದ ಓಲೆ, ಮೂಗುತಿ, ಕಾಲುಂಗುರಗಳನ್ನು ಜನ ಕೆಲಸ ಆಗದಿದ್ದರೂ ಪರವಾಗಿಲ್ಲವೆಂದು ವಾಪಸ್ಸು ಕೇಳಿಕೊಂಡು ಬಂದರು. ಕೆಲವರು ಅಲ್ಲೇ ಬಾಗಿಲಲ್ಲಿ ನಿಂತು ತಿರುಗಿಸಿ ತಿರುಗಿಸಿ ನೋಡಿದರು. ಎದುರು ಮನೆಯ ಕುಳ್ಳಮ್ಮ ನಲವತ್ತು ವರ್ಷದಿಂದ ಅವರ ಕೈಯಲ್ಲೇ ತಾಳಿಯ ಗುಂಡು ಪೋಣಿಸಿಕೊಳ್ಳುತ್ತಿದ್ದವಳು. ಅವಳು ತಾನು ಬರದೆ ಮೊಮ್ಮಗಳನ್ನು ಕಳಿಸಿದಳು.

ವೀಣಳಿಗೆ ಉಳಿದಿದ್ದ ಒಂದೇ ದಾರಿ ನಾಗಮಂಗಲ. ಎರಡು ದಿನ ಅವರಿವರನ್ನು ಕೇಳಿ ದ್ಯಾವಮ್ಮನ ಮಗಳು ರಂಜಿತಳ ನಂಬರು ಹಿಡಿದಳು. ಮಧ್ಯಾಹ್ನ ಅಂಗಡಿಯ ಹಿಂದೆ ನಿಂತು ಫೋನ್ ಮಾಡಿದಳು. ತಾನು ಯಾರು, ಏನಾಯಿತು ಎಂದೆಲ್ಲ ಹೇಳಿದಳು. ಆ ಕಡೆ ಆಸ್ಪತ್ರೆಯ ಗದ್ದಲ ಕೇಳಿಸುತ್ತಿತ್ತು.

"ನಾನೂ ಓದ್ದೆ," ಎಂದಳು ರಂಜಿತ. "ಒಡವೆ ವಿಷ್ಯ ನಂಗೂ ಗೊತ್ತಿರ್ಲಿಲ್ಲ. ಓದಿದಾಗ್ಲೇ ಗೊತ್ತಾಗಿದ್ದು."

"ಹಾಗಾದ್ರೆ ನೀವೊಂದ್ ಮಾತು ಹೇಳಿ ಅಕ್ಕ. ಹಾಲಿನ ದುಡ್ಡಲ್ಲಿ ಅಷ್ಟೊಂದು ಫೀಸ್ ಕಟ್ಟೋಕೆ ಆಗ್ತಿರ್ಲಿಲ್ಲ ಅಂತ ನಿಮ್ಮಣ್ಣಂಗೆ ಹೇಳಿ. ಅಷ್ಟೇ ಸಾಕು."

"ಹೇಳಿದ್ರೆ ಏನಾಗ್ತದೆ ಗೊತ್ತಾ? ಮಾನಸನ್ ಪಾಲಿನ ಒಡವೆ ನಾನ್ ತಿಂದೆ ಅಂತಾರೆ. ಅಮ್ಮನ್ನ ಮನೆಯಿಂದ ಆಚೆ ಹಾಕ್ತಾರೆ. ನಾನಿರೋದು ಕ್ವಾರ್ಟರ್ಸ್‌ನಲ್ಲಿ, ಅತ್ತೆ ಮಾವ ಅವ್ರೆ, ಅಮ್ಮನ್ನ ಎಲ್ಲಿಟ್ಕೊಳ್ಲಿ?" ಮಾತು ಮೊದಲೇ ಯೋಚಿಸಿಟ್ಟುಕೊಂಡ ಹಾಗಿತ್ತು. "ಆ ಅಪ್ಪಾಜಿ ನಂಗೋಸ್ಕರ ಹನ್ನೆರಡು ದಿನ ಕೂತವ್ರೆ. ಅವ್ರ ಕಾಲಿಗೆ ಬೀಳ್ತೀನಿ ಅಂತ ಹೇಳಿ. ಆದ್ರೆ ಇನ್ನೊಂದ್ ಸಲ ಫೋನ್ ಮಾಡ್ಬೇಡಿ. ದಯವಿಟ್ಟು."

ಕಾಳಪ್ಪ ಮುಂದಿನ ಗುರುವಾರ ಎಂದಿನ ಹೊತ್ತಿಗೇ ಬಂದರು. ಕೈಯಲ್ಲಿ ನೋಟ್‌ಬುಕ್ ಇರಲಿಲ್ಲ. ರಂಜಿತ ಹೇಳಿದ್ದನ್ನು ವೀಣ ತಿಳಿಸಿದಳು. ಅವರು ಹೂಂಗುಟ್ಟಿದರು, ಅಷ್ಟೇ.

"ಅದ್ನ ಅಳ್ಸ್‌ಬುಡವ್ವ."

"ಅಡ್ಡಿಕೆದಾ?"

"ಎಲ್ಲಾನೂ."

"ಮಿಕ್ಕಿದ್ದೇನ್ ಮಾಡಿದ್ವು ದೊಡ್ಡಪ್ಪ? ಬುಗುಡಿ, ವಂಕಿ... ಒಂಬತ್ತು ತಿಂಗ್ಳ ಕೆಲಸ. ಇರ್ಲಿ ಬಿಡಿ. ಮುಂದೆ ಯಾರಾದ್ರೂ..."

"ಕಳ್ಳ ಬರ್ದ್ ಅಳ್ತೆ ಯಾರಿಗವ್ವ ಬೇಕು?"

ಅವಳು ಇನ್ನೂ ಏನೋ ಹೇಳಲು ಹೋದಳು. ಶೀರ್ಷಿಕೆ ತನ್ನದು, ಗಿಣಿಯ ವಿಚಾರ ಬರೆಸಿದ್ದು ತಾನು, ಶಶಾಂಕನಿಗೆ ಕಳಿಸಿದ್ದು ತಾನು, ತಪ್ಪೆಲ್ಲ ತನ್ನದು ಎಂದು. ಅವರು ಅವಳ ತಲೆಯ ಮೇಲೆ ಒಂದು ಸಲ ಕೈಯಿಟ್ಟು ತೆಗೆದರು.

"ನಿಂದೇನ್ ತಪ್ಪು ಮಗಾ. ಬಾಯ್ ಬುಟ್ಟೋನು ನಾನು."

ಪೂರ್ತಿ ಅಳಿಸಬೇಕೆ ಎಂದು ಕಂಪ್ಯೂಟರು ಎರಡು ಸಲ ಕೇಳಿತು. ಎರಡು ಸಲವೂ ವೀಣಳೇ ಒತ್ತಿದಳು. ಪರದೆ ಬೆಳ್ಳಗಾಯಿತು. ಕಾಳಪ್ಪ ಸ್ವಲ್ಪ ಹೊತ್ತು ಅದನ್ನೇ ನೋಡಿ, "ಫೋನಲ್ಲಿ ಓಡಾಡ್ತಾ ಇರದೂ ಓಗ್ತದಾ?" ಎಂದು ಕೇಳಿದರು.

"ಇಲ್ಲ ದೊಡ್ಡಪ್ಪ. ಅದು ಹೋಗಲ್ಲ."

"ಸರಿ," ಎಂದು ಎದ್ದರು.

ಆ ತಿಂಗಳೇ ಅವರು, ಪುಟ್ಟಲಕ್ಷ್ಮಮ್ಮ ಇಬ್ಬರೂ ಕೆ.ಆರ್. ಪೇಟೆಯಲ್ಲಿದ್ದ ಮಗಳು ದೀಪಶ್ರೀಯ ಮನೆಗೆ ಹೊರಟುಹೋದರು. ಸಾಮಾನು ಸಾಗಿಸಿದ ಆಟೊದವನು, ಅಯ್ಯ ಅಚ್ಚು, ಅರ, ಚಿಮಟಗಳನ್ನೆಲ್ಲ ಹಳೇ ಕಬ್ಬಿಣದವನಿಗೆ ಹಾಕಿದರು ಎಂದು ವೀಣಳಿಗೆ ಹೇಳಿದ. ಅವಳು ಎರಡು ಸಲ ಫೋನ್ ಮಾಡಿದಳು. ಮೊದಲ ಸಲ ಪುಟ್ಟಲಕ್ಷ್ಮಮ್ಮ ಎತ್ತಿ, ಮಲಗಿದ್ದಾರೆ ಎಂದರು. ಬೆಳಗಿನ ಹನ್ನೊಂದು ಗಂಟೆ ಅದು. ಎರಡನೇ ಸಲ ಯಾರೂ ಎತ್ತಲಿಲ್ಲ.

ನಾಲೆಗೆ ನೀರು ಬಿಟ್ಟು, ಕಬ್ಬಿನ ಲಾರಿಗಳು ಓಡಾಡತೊಡಗಿದ ಮೇಲೆ, ಒಂದು ಮಧ್ಯಾಹ್ನ ದ್ಯಾವಮ್ಮ ಒಬ್ಬರೇ ವೀಣಳ ಅಂಗಡಿಗೆ ಬಂದರು. ಪಿಂಚಣಿಗೆ ಹೆಬ್ಬೆಟ್ಟು ಒತ್ತಬೇಕಿತ್ತು. ಅವರು ಗುರುತು ಹಿಡಿದರೋ ಇಲ್ಲವೋ ವೀಣಳಿಗೆ ತಿಳಿಯಲಿಲ್ಲ. ಅವಳು ಅವರ ಬೆರಳನ್ನು ಯಂತ್ರದ ಮೇಲಿಟ್ಟು ಒತ್ತಿದಳು. ಕಾಗದ ಬಂತು. ಮುದುಕಿ ಅದನ್ನು ಮಡಿಸಿ ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡು ಅಲ್ಲೇ ನಿಂತರು.

"ಅವತ್ತು ಬಂದಿದ್ದೋಳು ನೀನೇ ಅಲ್ವಾ?"

"ಹೂಂ."

"ನಾನ್ ಸುಳ್ ಏಳ್ದೆ ಕಣವ್ವ."

"ಗೊತ್ತು ಅಜ್ಜಿ."

"ಅವ್ನು ಏನಾರ ಅಂದ್ನಾ?"

"ಏನೂ ಅನ್ಲಿಲ್ಲ." ತನ್ನ ದನಿ ಗಟ್ಟಿಯಾದದ್ದು ವೀಣಳಿಗೇ ಕೇಳಿಸಿತು. "ನೀವ್ ಒಂದ್ ಸಲ ಅವ್ರ ಜೊತೆ ಮಾತಾಡ್ಬೋದಿತ್ತು."

"ಯಾವ್ ಮಖ ಇಟ್ಕಂಡು?"

ದ್ಯಾವಮ್ಮ ಸ್ಟೂಲಿನ ಮೇಲೆ ಕೂತರು. ಬೀದಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ಎಲ್ರೂ ಓದವ್ರಂತೆ. ನಂಗೆ ಓದಾಕ್ ಬರಕಿಲ್ಲ. ಮನೇಲಿ ಯಾರ್ನ ಕೇಳ್ಲಿ? ಏನ್ ಬರ್ದಿದ್ದ ಅವ್ನು? ವಸಿ ಓದ್ತೀಯಾ?"

ಬ್ಲಾಗು ಹೋಗಿದ್ದರೂ ತಾನು ಟೈಪ್ ಮಾಡಿದ್ದ ಪ್ರತಿಯನ್ನು ವೀಣ ಅಳಿಸಿರಲಿಲ್ಲ. ಅದನ್ನು ತೆಗೆದು ಓದಿದಳು. ಅಪ್ಪ ಮಾಡಿದ ಅಡ್ಡಿಕೆ, ಪಿಯುಸಿ ಪಾಸಾದ ಹುಡುಗಿ, ಹನ್ನೆರಡು ದಿನದ ಕೆಲಸ. ದ್ಯಾವಮ್ಮ ಮಂಡಿಯ ಮೇಲೆ ಕೈಯಿಟ್ಟುಕೊಂಡು ಕೇಳಿದರು. ಕೊನೆಯ ಭಾಗ ಹೀಗಿತ್ತು:

'ಆ ತಾಯಿ ಅಗ್ಗಿಷ್ಟಿಕೆಯ ಮುಂದೆಯೇ ಕುಳಿತಿದ್ದರು. ಅವರ ಮದುವೆಯ ಒಡವೆ ಮೂಸೆಯಲ್ಲಿ ಕರಗಿ ನೀರಾಗುವವರೆಗೂ ಕಣ್ಣು ಕೀಳಲಿಲ್ಲ. ಒಂದು ಹನಿ ಕಣ್ಣೀರು ಹಾಕಲಿಲ್ಲ. ನಾನು ಬಹಳ ಒಡವೆ ಕರಗಿಸಿದ್ದೇನೆ. ಗಂಡಸರೂ ಅತ್ತದ್ದನ್ನು ನೋಡಿದ್ದೇನೆ. ಅಂಥ ಗಟ್ಟಿ ಜೀವವನ್ನು ಆಮೇಲೆ ನೋಡಲಿಲ್ಲ.'

ವೀಣ ನಿಲ್ಲಿಸಿದಳು. ಮುದುಕಿ ಎಲೆಯಡಿಕೆ ಚೀಲದ ದಾರ ಎಳೆದು ಕಟ್ಟಿದರು.

"ನಾನ್ ಅತ್ತಿದ್ದೆ ಕಣವ್ವ," ಎಂದರು. "ಸ್ಯಾನೆ ಅತ್ತಿದ್ದೆ. ಅವ್ನ್ ಎಡ್ತಿ ಬಂದು ನೀರ್ ಕೊಟ್ಟಿದ್ಲು. ಅದ್ನ ಅವ್ನು ಬರ್ದೇ ಇಲ್ಲ."

ಹೊರಗೆ ತೊಣ್ಣೂರಿನ ಕಡೆಯ ಬಸ್ಸು ಹಾರ್ನ್ ಮಾಡಿತು. ದ್ಯಾವಮ್ಮ ಎದ್ದು ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ನಾನು ಬಂದು ಕೇಳಿದೆ ಎಂದು ಅವನಿಗೆ ಹೇಳಬೇಡ, ನಮ್ಮವರಿಗೂ ಗೊತ್ತಾಗಬಾರದು ಎಂದರು. ವೀಣ ಹೂಂ ಎಂದಳು. ಮೆಟ್ಟಿಲು ಇಳಿಯಲು ಕೈ ಕೊಡಹೋದರೆ ಮುದುಕಿ ಬೇಡವೆಂದು ತಲೆಯಾಡಿಸಿ, ಗೋಡೆ ಹಿಡಿದುಕೊಂಡು ಒಂದೊಂದೇ ಕಾಲು ಇಳಿಸಿ, ಬಸ್ಸಿನ ಕಡೆ ನಡೆದರು.